ಒಂಬತ್ತೂವರೆಯ ಹುಂಜ

ಪ್ರಾಮಾಣಿಕರ ಜೊತೆ ಬದುಕುವುದು ಎಷ್ಟು ಕಷ್ಟ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಳ್ಳು ಹೇಳುವವರ ಜೊತೆಯಾದರೆ ಹೇಗೋ ಹೊಂದಿಕೊಂಡು ಹೋಗಬಹುದು. ಅವರು ನಮಗೊಂದು ಹೇಳುತ್ತಾರೆ, ನಾವು ಅವರಿಗೊಂದು ಹೇಳುತ್ತೇವೆ, ಇಬ್ಬರಿಗೂ ಸಮಾಧಾನ. ಪ್ರಾಮಾಣಿಕರು ಹಾಗಲ್ಲ. ಅವರು ನಮ್ಮನ್ನು ನಂಬಿಬಿಡುತ್ತಾರೆ. ನನ್ನ ಅಕ್ಕ ಸರೋಜ ಈ ಪೈಕಿ. ಚಿಕ್ಕಂದಿನಲ್ಲಿ ಚೌಕಾಬಾರ ಆಡುವಾಗ ಅವಳ ಕಾಯಿ ಹೊಡೆಯುವ ಅವಕಾಶವನ್ನು ನಾನು ಗಮನಿಸದೆ ಹೋದರೆ, "ಲೋ ಚಂದ್ರು, ಇಲ್ಲಿ ನನ್ನನ್ನ ಹೊಡೀಬಹುದು ನೋಡೋ" ಎಂದು ತಾನೇ ತೋರಿಸುತ್ತಿದ್ದಳು. ನಾನು ಹೊಡೆಯುತ್ತಿದ್ದೆ. ಗೆಲ್ಲುತ್ತಲೂ ಇದ್ದೆ. ಆದರೆ ಗೆದ್ದ ಮೇಲೆ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಈಗ ಹೇಳಹೊರಟಿರುವುದೂ ಅಂಥದೇ ಒಂದು ಗೆಲುವಿನ ಕಥೆ. ನಡೆದದ್ದು ಈ ವಸಂತದಲ್ಲಿ, ಆಸ್ಟಿನ್‌ನ ಪಶ್ಚಿಮಕ್ಕಿರುವ ಗುಡ್ಡಗಳಲ್ಲಿ.

ಮೊದಲು ನಮ್ಮ ಪರಿಚಯ. ತುಮಕೂರಿನ ಬಸ್ ಸ್ಟ್ಯಾಂಡಿನ ಹಿಂದೆ ನಮ್ಮಪ್ಪನ ಮಿಲಿಟರಿ ಹೋಟೆಲ್ ಇತ್ತು. ಅಕ್ಕ ಓದಿದಳು. ನಾನು ಎಂಟನೇ ಕ್ಲಾಸಿನವರೆಗೆ ಓದಿದಂತೆ ಮಾಡಿ, ಆಮೇಲೆ ಅಡುಗೆಮನೆ ಸೇರಿದೆ. ಅಕ್ಕ ಈಗ ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ಮನೆ ಮಾಡಿಕೊಂಡು ಡೊಮೇನ್ ಎಂಬ ಬಡಾವಣೆಯ ಒಂದು ಆಫೀಸಿನಲ್ಲಿ ದೊಡ್ಡ ಕೆಲಸದಲ್ಲಿದ್ದಾಳೆ. ಅವಳ ಬೆನ್ನು ಹಿಡಿದು ಬಂದ ನಾನು ಉತ್ತರ ಆಸ್ಟಿನ್‌ನ ಒಂದು ಸಣ್ಣ ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವನು. ಇಲ್ಲಿ ನಮ್ಮವರು ಹೊಸಬರನ್ನು ಕಂಡರೆ ಮೊದಲು ಕೇಳುವುದು ಯಾವ ಕಂಪನಿ ಎಂದು. ನಾನು ಅಡುಗೆ ಎನ್ನುತ್ತೇನೆ. ಒಬ್ಬರು ತಲೆದೂಗಿ, ಓ, ಫುಡ್ ಟೆಕ್ಕಾ ಎಂದಿದ್ದರು. ಹೌದು ಎಂದುಬಿಟ್ಟೆ. ನನ್ನ ಸ್ವಭಾವ ನಿಮಗೆ ಇಲ್ಲಿಗೇ ತಿಳಿದಿರಬೇಕು.

ಅಪ್ಪ ಮಾತ್ರ ಅಕ್ಕನ ಥರದವರು. ಮಾಂಸ ಬೇಗ ಬೇಯಲಿ ಎಂದು ಚಿಟಿಕೆ ಸೋಡಾ ಹಾಕುವುದು ಹೋಟೆಲಿನವರ ಹಳೆಯ ಉಪಾಯ. ಅಪ್ಪ ಅದನ್ನು ಒಪ್ಪುತ್ತಿರಲಿಲ್ಲ. ಒಂದು ಸಲ ಮದುವೆ ದಿಬ್ಬಣವೊಂದು ಊಟಕ್ಕೆ ಬಂದು ಕೂತಿದ್ದಾಗ, ಹೊಸ ಭಟ್ಟ ಹೆದರಿ ಸಾರಿಗೆ ಸೋಡಾ ಹಾಕಿಬಿಟ್ಟ. ಅಪ್ಪ ಒಂದು ತುತ್ತು ಬಾಯಿಗಿಟ್ಟು ನೋಡಿ ಇಡೀ ಹಂಡೆಯನ್ನು ಮೋರಿಗೆ ಸುರಿಸಿದರು. ದಿಬ್ಬಣಕ್ಕೆ ಮೊಟ್ಟೆ ಒಡೆದು ಹುಯ್ದು ಬಡಿಸಿ, ಕೈಮುಗಿದು ಕಳಿಸಿದರು. ಆಗ ಅಕ್ಕ ಹೆಮ್ಮೆಯಿಂದ ನಿಂತು ನೋಡುತ್ತಿದ್ದಳು. ನಾನು ಮೋರಿ ನೋಡಿಕೊಂಡು ಅಳುತ್ತಿದ್ದೆ.

ಇಂಥ ಅಕ್ಕ ಕೋವಿ ಹಿಡಿಯುತ್ತಾಳೆ ಎಂದು ಯಾರು ಎಣಿಸಿದ್ದರು. ಅವಳ ಆಫೀಸಿನ ಯಾರೋ ಗೆಳತಿ ಒಂದು ವಸಂತದಲ್ಲಿ ಕಾಡು ಟರ್ಕಿ ಕೋಳಿಯ ಬೇಟೆ ತೋರಿಸಲು ಕರೆದುಕೊಂಡು ಹೋದಳು. ಮಂಜಿನೊಳಗಿಂದ ಒಂದು ಹುಂಜ ಬಾಲದ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆ ನೆಲಕ್ಕೆಳೆಯುತ್ತ ಬಂದದ್ದನ್ನು ಅಕ್ಕ ನೋಡಿದಳು. ಗೆಳತಿಯ ಗುಂಡು ತಪ್ಪಿತಂತೆ, ಹುಂಜ ಹೋಯಿತಂತೆ, ಅಕ್ಕನಿಗೆ ಅದೇ ಬಹಳ ಹಿಡಿಸಿತಂತೆ. ಆಮೇಲೆ ತರಬೇತಿ, ಲೈಸೆನ್ಸು ಎಲ್ಲ ಆಯಿತು. ಅಷ್ಟಾಗಿದ್ದರೆ ನನಗೇನೂ ತೊಂದರೆ ಇರಲಿಲ್ಲ. ಒಂದು ಭಾನುವಾರ ನಾನು ದಮ್ ಬಿಚ್ಚಿದ ಬಿರಿಯಾನಿಯನ್ನು ಅವಳ ಮುಂದಿಟ್ಟಾಗ ಅವಳು ತಟ್ಟೆಯನ್ನು ಮೆಲ್ಲಗೆ ಸರಿಸಿದಳು.

"ಇನ್ಮೇಲೆ ಅಂಗಡಿ ಮಾಂಸ ತಿನ್ನಲ್ಲ ಕಣೋ. ಒಂದು ಹಕ್ಕಿನಾದ್ರೂ ನಾನೇ ಹೋಗಿ, ಅದಕ್ಕೂ ತಪ್ಪಿಸ್ಕೊಳೋಕೆ ದಾರಿ ಬಿಟ್ಟು, ನ್ಯಾಯವಾಗಿ ತರ್ತೀನಿ. ಆಮೇಲೆ ನಿನ್ನ ಕೈ ಊಟ."

ಅಂದರೆ ಹರಕೆ. ತಿರುಪತಿಗೆ ಮುಡಿ ಕೊಡುತ್ತೇನೆ ಎನ್ನುವ ಹಾಗೆ. ನಮ್ಮ ಭಾವ ಬಸಣ್ಣನವರು ಹುಬ್ಬಳ್ಳಿ ಕಡೆಯವರು, ಹುಟ್ಟಾ ಶಾಕಾಹಾರಿ. ಅಷ್ಟು ವರ್ಷ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಒಬ್ಬರೇ ರೊಟ್ಟಿ ಮುರಿಯುತ್ತಿದ್ದವರು. ಅಂದು ಕುರ್ಚಿಯನ್ನು ಅಕ್ಕನ ಪಕ್ಕಕ್ಕೆಳೆದುಕೊಂಡು ಕೂತರು.

ಎರಡು ವಸಂತ ಹೀಗೇ ಕಳೆದವು. ಅಕ್ಕನಿಗೆ ಹಕ್ಕಿ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಅವಳ ನಿಯಮಗಳನ್ನು ಕೇಳಿದರೆ ಟರ್ಕಿಗಳೇ ನಗುತ್ತಿದ್ದವು. ಕರೆಯುವುದಕ್ಕೆ ಒಂದು ಮರದ ಪೆಟ್ಟಿಗೆ. ಅದರ ಮುಚ್ಚಳಕ್ಕೆ ಸೀಮೆಸುಣ್ಣ ತಿಕ್ಕಿ ಎಳೆದರೆ ಹೇಂಟೆಯ ಕೂಗು ಬರುತ್ತದೆ. ನಿಜ ಹೇಳಬೇಕೆಂದರೆ ನಮ್ಮ ಹೋಟೆಲಿನ ಸೌದೆ ಕೋಣೆಯ ಬಾಗಿಲಿನ ಸದ್ದು ಬರುತ್ತದೆ. ಅದು ಬಿಟ್ಟು ಬೇರೆ ಉಪಕರಣವಿಲ್ಲ. ಫೋನು ಕಾರಿನಲ್ಲೇ ಇರಬೇಕು. ರಬ್ಬರಿನ ಹೇಂಟೆ ನಿಲ್ಲಿಸುವಂತಿಲ್ಲ, ಗುಡಾರದಲ್ಲಿ ಅಡಗುವಂತಿಲ್ಲ, ಬಹಳ ದೂರದಿಂದ ಹೊಡೆಯುವಂತಿಲ್ಲ. ಇದರ ಮೇಲೆ ಟರ್ಕಿಗಳ ಪದ್ಧತಿ ಬೇರೆ. ಅವುಗಳಲ್ಲಿ ಹುಂಜ ಇದ್ದಲ್ಲೇ ಮೆರೆಯುತ್ತದೆ, ಹೇಂಟೆಯೇ ಅದನ್ನು ಹುಡುಕಿಕೊಂಡು ಹೋಗಬೇಕು. ನಾವು ಮರದ ಬುಡದಲ್ಲಿ ಕೂತು, ನೀನೇ ಬಾ ಎಂದು ಕೂಗುತ್ತೇವೆ. ಹೆಣ್ಣಿನ ಕಡೆಯವರೇ ಗಂಡಿನ ಮನೆಗೆ ಬರಬೇಕೆಂದು ಹಠ ಹಿಡಿದ ಬೀಗರಂತೆ ಅದು ಅಲ್ಲೇ ನಿಂತು ಗೊಳಗೊಳ ಎನ್ನುತ್ತದೆ. ಅಷ್ಟರಲ್ಲಿ ನಿಜವಾದ ಹೇಂಟೆಯೊಂದು ಬಂದರೆ ಮಾತುಕತೆ ಮುಗಿದ ಹಾಗೆ.

ನಾನೂ ಜೊತೆಗೆ ಹೋಗುತ್ತಿದ್ದೆ, ಕಾಫಿ ಫ್ಲಾಸ್ಕು ಹೊರಲು. ಟರ್ಕಿಗೆ ವಾಸನೆ ಅಷ್ಟಾಗಿ ತಿಳಿಯುವುದಿಲ್ಲ, ಆದರೆ ಕಣ್ಣು ಬಹಳ ಚುರುಕು. ಆದ್ದರಿಂದ ಕಾಫಿ ಕುಡಿಯಬಹುದು, ಲೋಟ ಎತ್ತುವಂತಿಲ್ಲ. ತೊಡೆಯ ಮೇಲೆ ಇರುವೆ ಹರಿದರೆ ಹರಿಯಲು ಬಿಡಬೇಕು. ಒಮ್ಮೆ ಪಾಪಾಸುಕಳ್ಳಿಯ ಮೇಲೆ ಕೂತಿದ್ದೇನೆಂದು ಕೂತ ಮೇಲೆ ಗೊತ್ತಾಯಿತು. ಎದ್ದರೆ ಅಕ್ಕನ ಹಕ್ಕಿ ಹೋಗುತ್ತದೆಂದು ಹಾಗೇ ಕೂತೆ. ಹಕ್ಕಿಯೂ ಹೋಯಿತು, ಮುಳ್ಳೂ ಉಳಿಯಿತು.

ಬೇಟೆ ಸಾಮಾನಿನ ಅಂಗಡಿಗೆ ಒಮ್ಮೆ ಒಬ್ಬನೇ ಹೋಗಿದ್ದೆ. ನಮ್ಮೂರಿನ ಕಲ್ಯಾಣಮಂಟಪ ನಾಲ್ಕು ಸೇರಿಸಿದಷ್ಟು ದೊಡ್ಡದು. ಗಾಳಿಗೆ ತಲೆಯಾಡಿಸುವ ರಬ್ಬರ್ ಹೇಂಟೆಗಳಿದ್ದವು. ಅವುಗಳಲ್ಲಿ ಒಂದು ನಾಚಿಕೊಂಡಂತೆ ಕತ್ತು ಬಾಗಿಸಿ ನಿಂತಿತ್ತು. ಹಿಡಿದುಕೊಂಡು ತೆವಳುತ್ತ ಹೋಗಲು ಹುಂಜದ ಬಾಲದ ಗರಿಯ ಗುರಾಣಿ ಇತ್ತು. ಗುರಿ ಇಡುವ ಕಷ್ಟವೇ ಬೇಡವೆಂದು ಕೋವಿಯ ಮೇಲೆ ಕೂರಿಸುವ ಕೆಂಪು ಚುಕ್ಕಿಯ ಕನ್ನಡಕ, ನಮ್ಮಪ್ಪನ ಕಾಲದ ಚರೆಗಿಂತ ದುಪ್ಪಟ್ಟು ದೂರ ಹೋಗುವುದೆಂದು ಹೊಗಳಿಸಿಕೊಳ್ಳುವ ತೋಟಾ, ಎಲ್ಲ ಇದ್ದವು. ಇಷ್ಟೆಲ್ಲ ಕೊಂಡವನಿಗೆ ಹಕ್ಕಿಯೊಂದನ್ನೂ ಅಲ್ಲೇ ಕಟ್ಟಿಕೊಟ್ಟುಬಿಟ್ಟರೆ ಪೆಟ್ರೋಲಾದರೂ ಉಳಿದೀತು ಎನ್ನಿಸಿತು. ಇದನ್ನು ಅಕ್ಕನಿಗೆ ಹೇಳಿದೆ. ಅದಕ್ಕೇ ಅವೆಲ್ಲ ಮೋಸ ಎಂದಳು. ನಾನು ವಾದ ಬಿಡಲಿಲ್ಲ. ಹಾಗಾದರೆ ನೀನು ಹಾಕಿಕೊಳ್ಳುವ ಎಲೆ ಚಿತ್ತಾರದ ಅಂಗಿ ಮೋಸವಲ್ಲವೇ ಎಂದೆ. ನಿನ್ನ ಮೂಗಿನ ಮೇಲಿನ ಕನ್ನಡಕ? ಕೋವಿಯೇ ಮೋಸವಲ್ಲವೇ, ಹಕ್ಕಿಯ ಹತ್ತಿರ ಕೋವಿ ಇದೆಯೇ? ನೀನು ರುಬ್ಬುವ ಕಲ್ಲು ಬಿಟ್ಟು ಮಿಕ್ಸಿ ಹಾಕುವುದಿಲ್ಲವೇ ಎಂದು ಅವಳು ಕೇಳಿದಳು. ಹಾಕುತ್ತೇನೆ ಎಂದೆ. ಸೋಡಾ ಹಾಕುತ್ತೀಯಾ ಎಂದಳು. ಇಲ್ಲ ಎಂದೆ. "ಎಲ್ಲಿ ನಿಲ್ಲಬೇಕು ಅಂತ ನಿಂಗೆ ಗೊತ್ತಲ್ಲ, ಅಷ್ಟೇ" ಎಂದು ಮುಗಿಸಿದಳು. ಓದಿದವರ ಜೊತೆ ವಾದ ಮಾಡಬಾರದು.

ಅವಳು ಹಾಗೆ ಹೇಳಿದ ಮರುವಾರವೇ ನಾನು ಆ ಅಂಗಡಿಗೆ ಮತ್ತೆ ಹೋಗಿ ಒಂದು ಕ್ಯಾಮೆರಾ ತಂದೆ. ಮರಕ್ಕೆ ಕಟ್ಟುವಂಥದು. ಎದುರಿಗೆ ಏನಾದರೂ ಅಲುಗಾಡಿದರೆ ಫೋಟೋ ತೆಗೆದು ಆ ಕ್ಷಣವೇ ನಮ್ಮ ಫೋನಿಗೆ ಕಳಿಸುತ್ತದೆ. ಅಂಗಡಿಯವನು, ಇದು ಈಗ ಎಲ್ಲರ ಹತ್ತಿರವೂ ಇದೆ ಎಂದ. ಎಲ್ಲರ ಹತ್ತಿರವೂ ಇದೆ ಎಂಬ ಮಾತಿನಲ್ಲಿ ಎಂಥ ಪಾಪವನ್ನೂ ತೊಳೆಯುವ ಶಕ್ತಿಯಿದೆ. ಅಕ್ಕ ಬೇಟೆಗೆ ಹೋಗುವ ಜಮೀನು ಡೇಲ್ ಎಂಬ ಮುದುಕನದು. ಅವನಿಗೆ ಹೇಳಿ, ದನಗಳ ನೀರಿನ ತೊಟ್ಟಿಯ ಪಕ್ಕದ ಸೀಡರ್ ಮರಕ್ಕೆ ಅದನ್ನು ಕಟ್ಟಿಬಂದೆ. ಅಕ್ಕನಿಗೆ ಹೇಳಬೇಡ ಎಂದೆ. ಡೇಲ್ ಟೋಪಿ ಹಿಂದಕ್ಕೆ ಸರಿಸಿ ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಕುಟುಂಬದ ವಿಷಯಕ್ಕೆ ತಾನು ಬರುವುದಿಲ್ಲ ಎಂದ.

ಅಲ್ಲಿಂದ ಶುರುವಾಯಿತು. ನಾನು ಈರುಳ್ಳಿ ಹೆಚ್ಚುತ್ತಿರುವಾಗ ಫೋನು ಟಿಂಗ್ ಎನ್ನುವುದು, ನೋಡಿದರೆ ಜಿಂಕೆ. ಒಗ್ಗರಣೆ ಹಾಕುವಾಗ ಟಿಂಗ್, ಕಾಡುಹಂದಿ. ಒಮ್ಮೆ ಡೇಲ್‌ನ ಹಸುವೊಂದು ಕ್ಯಾಮೆರಾವನ್ನು ನೆಕ್ಕಿ ನನಗೆ ಅದರ ನಾಲಿಗೆಯ ದರ್ಶನವಾಯಿತು. ಆದರೆ ದಿನಾ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ನಾನು ಕಾದ ಅತಿಥಿ ಬರುತ್ತಿತ್ತು. ಎದೆಯಿಂದ ಗಡ್ಡದಂತೆ ಕೂದಲು ಜೋತ ದೊಡ್ಡ ಹುಂಜ. ಹೇಂಟೆಗಳೆಲ್ಲ ಮೊಟ್ಟೆ ಇಡಲು ಹೋದ ಮೇಲೆ, ಕೆಲಸವಿಲ್ಲದ ಜಮೀನ್ದಾರನಂತೆ ಒಂಟಿಯಾಗಿ ತೊಟ್ಟಿಯ ಬಳಿ ಅಡ್ಡಾಡುತ್ತಿತ್ತು. ಅಕ್ಕನೋ, ನಸುಕಿನಲ್ಲಿ ಹಳ್ಳದ ಕಡೆ ಕೂತು, ಎಂಟೂವರೆಗೆಲ್ಲ ಇವತ್ತು ಇಲ್ಲ ಎಂದು ಎದ್ದುಬಿಡುತ್ತಿದ್ದಳು.

ಆ ಶನಿವಾರ ಅವಳು ಏಳುವ ಹೊತ್ತಿಗೆ ನಾನು ಅವಳ ತೋಳು ಹಿಡಿದೆ. ಇನ್ನೊಂದು ಗಂಟೆ ಕೂರೋಣ, ಆ ತೊಟ್ಟಿಯ ಹತ್ತಿರ, ಯಾಕೋ ನನ್ನ ಮನಸ್ಸು ಹೇಳುತ್ತಿದೆ ಎಂದೆ. ಅಕ್ಕ ಅಚ್ಚರಿಯಿಂದ ನನ್ನನ್ನು ನೋಡಿದಳು. ನನ್ನ ಮನಸ್ಸು ಮಾಂಸದ ಹದ ಬಿಟ್ಟು ಬೇರೇನನ್ನೂ ಈವರೆಗೆ ಹೇಳಿದ್ದಿಲ್ಲ. ನಂಬಿದಳು. ಸೀಡರ್ ಬುಡದಿಂದ ಸ್ವಲ್ಪ ದೂರದಲ್ಲಿ ಕೂತೆವು. ನನ್ನ ಫೋನು ಕಾರಿನಲ್ಲಿರಲಿಲ್ಲ, ಪ್ಯಾಂಟಿನ ಜೇಬಿನಲ್ಲಿತ್ತು, ಸದ್ದು ಅಡಗಿಸಿ ನಡುಕಕ್ಕೆ ಇಟ್ಟಿದ್ದೆ. ಅಕ್ಕ ಪೆಟ್ಟಿಗೆ ಎಳೆದಳು. ಸುಮ್ಮನಾದಳು. ಮತ್ತೆ ಎಳೆದಳು. ಇದ್ದಕ್ಕಿದ್ದಂತೆ ನನ್ನ ತೊಡೆ ಗುಂಯ್ ಎಂದಿತು. ಹುಂಜ ಬಂದದ್ದು ಅಕ್ಕನ ಕಣ್ಣಿಗಿಂತ ಮೊದಲು ನನ್ನ ತೊಡೆಗೆ ಗೊತ್ತಾಯಿತು. ಆಮೇಲೆ ಪೊದೆಯ ಹಿಂದಿನಿಂದ ಆ ಕೆಂಪು ತಲೆ ಕಾಣಿಸಿತು. ತೊಡೆ ಮತ್ತೆ ಗುಂಯ್. ಹಕ್ಕಿ ತಲೆ ಎತ್ತಿ ನಿಂತಿತು. ಅಕ್ಕ ಕೋವಿ ಹಾರಿಸಿದಳು.

ಒಂದೇ ಗುಂಡು. ಅಕ್ಕ ಓಡಿಹೋಗಿ ಮಂಡಿಯೂರಿ ಅದರ ಗರಿಯ ಮೇಲೆ ಕೈಯಿಟ್ಟು ಕೂತಳು. ಬಿಸಿಲಿಗೆ ಆ ಗರಿಗಳು ತಾಮ್ರದ ಹಂಡೆಯ ಹಾಗೆ ಹೊಳೆಯುತ್ತಿದ್ದವು. ಅವಳು ತಲೆ ಎತ್ತಿ ನನ್ನ ಕಡೆ ನೋಡಿ ನಕ್ಕಳು. ಕಣ್ಣಲ್ಲಿ ನೀರೂ ಇತ್ತು. ನನ್ನ ತೊಡೆ ಮೂರನೆಯ ಸಲ ಗುಂಯ್ ಎಂದಿತು.

ಆ ಸಂಜೆಯ ಸಾರು ನನ್ನ ಜೀವಮಾನದಲ್ಲೇ ಒಳ್ಳೆಯದು. ಕಾಡು ಹಕ್ಕಿಯ ಕಾಲು ಚಪ್ಪಲಿಯಷ್ಟು ಗಟ್ಟಿ. ಅರ್ಧ ದಿನ ಸಣ್ಣ ಉರಿಯಲ್ಲಿಟ್ಟೆ, ಸೋಡಾ ಮುಟ್ಟಲಿಲ್ಲ. ಮುದ್ದೆ ಮಾಡಿದೆ. ಎರಡು ವರ್ಷದ ಮೇಲೆ ಅಕ್ಕ ನನ್ನ ಕೈಯಡುಗೆಯ ಮಾಂಸ ತಿಂದಳು. ಮೂಳೆ ಚೀಪಿ, ಅಪ್ಪನ ರುಚಿ ಕಣೋ ಎಂದಳು. ಬಸಣ್ಣ ಭಾವ ಮೇಜಿನ ಆ ತುದಿಗೆ ಕುರ್ಚಿ ಎಳೆದುಕೊಂಡು, "ಆತ್ ಬಿಡ್ರಿ, ನಾವು ಮತ್ತ ಒಬ್ಬರ ಆದ್ವಿ" ಎಂದರು. ನಾನು ಒಂದು ತುತ್ತು ತಿಂದು ತಟ್ಟೆ ಸರಿಸಿದೆ. ಖಾರ ಹೆಚ್ಚಾಯಿತು ಎಂದು ನೀರು ಕುಡಿದೆ.

ಅಲ್ಲಿಗೆ ಮುಗಿದಿದ್ದರೆ ನಾನು ಹೇಗೋ ಅರಗಿಸಿಕೊಳ್ಳುತ್ತಿದ್ದೆ. ಆದರೆ ಅಕ್ಕ ಸಂತೋಷವನ್ನು ಒಬ್ಬಳೇ ಇಟ್ಟುಕೊಳ್ಳುವವಳಲ್ಲ. ಮಿಕ್ಕ ಸಾರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಹೂಸ್ಟನ್‌ನಲ್ಲಿರುವ ಅವಳ ಕಾಲೇಜು ಗೆಳತಿ ಗೀತಾ ಮನೆಗೆ ಒಯ್ದಳು. ಅಲ್ಲಿ ಹತ್ತಾರು ಜನ ಕನ್ನಡದವರು ಸೇರಿದ್ದರು. ಅಕ್ಕ ಇಡೀ ಕಥೆ ಹೇಳಿದಳು. ನನ್ನ ತಮ್ಮನಿಗೆ ಓದು ಹತ್ತಲಿಲ್ಲ, ಆದರೆ ಕಾಡು ಅವನ ಜೊತೆ ಮಾತಾಡುತ್ತದೆ ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ಕಾಡು ಮಾತಾಡಿದ್ದು ಕ್ಯಾಮೆರಾಕ್ಕೆ ತಿಂಗಳ ಚಂದಾ ಕಟ್ಟಿದ್ದಕ್ಕೆ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಒಬ್ಬರು ತಮ್ಮ ಮನೆಯ ಹಿತ್ತಲಿಗೆ ಬರುವ ಅಳಿಲಿನ ವಿಷಯ ನನ್ನ ಅಭಿಪ್ರಾಯ ಕೇಳಿದರು. ನಾನು ಗಂಭೀರವಾಗಿ, ಅದನ್ನು ಅದರ ಪಾಡಿಗೆ ಬಿಡಿ ಎಂದೆ. ಅದನ್ನೂ ಜ್ಞಾನದ ಮಾತೆಂದೇ ತಗೊಂಡರು.

ಆಮೇಲೆ ಡಲ್ಲಾಸ್ ಕಡೆಯಿಂದ ಕರೆ ಬಂತು. ಮೆಕಿನ್ನಿಯ ಕನ್ನಡ ಗೆಳೆಯರು ತಿಂಗಳಿಗೊಮ್ಮೆ ಮಕ್ಕಳನ್ನು ಸೇರಿಸುತ್ತಾರೆ, ದೊಡ್ಡವರು ಯಾರಾದರೂ ಬಂದು ಏನಾದರೂ ಹೇಳಬೇಕು. ಅಕ್ಕ ಬೇಟೆಯಲ್ಲಿ ನ್ಯಾಯ ಎಂಬ ವಿಷಯ ಆರಿಸಿಕೊಂಡಳು. ನಾವಿಬ್ಬರೂ ಕಾರಿನಲ್ಲಿ ಹೊರಟೆವು. ಹೈವೇ ಮೇಲೆ ಅವಳು ಡ್ರೈವ್ ಮಾಡುತ್ತ ಮಾತು ಅಭ್ಯಾಸ ಮಾಡುತ್ತಿದ್ದಳು. ಯಾರೂ ನೋಡದಿದ್ದಾಗಲೂ ನಿಯಮ ಮುರಿಯಬಾರದು ಮಕ್ಕಳೇ, ಹಕ್ಕಿಗೆ ದೂರು ಕೊಡಲು ಬರುವುದಿಲ್ಲ, ಅದಕ್ಕೇ ನಾವು ಇನ್ನಷ್ಟು ಸರಿಯಾಗಿರಬೇಕು, ಹೀಗೆ. ನಾನು ಕಿಟಕಿಯಾಚೆ ಹೋಗುವ ಲಾರಿಗಳನ್ನು ನೋಡುತ್ತಿದ್ದೆ. ವೇಕೋ ಎಂಬ ಊರು ದಾಟಿ ಪೆಟ್ರೋಲಿಗೆ ನಿಲ್ಲಿಸಿದಾಗ ಅವಳು ಕಾಫಿ ಹಿಡಿದುಕೊಂಡು, ತನಗೇ ಹೇಳಿಕೊಂಡಂತೆ ಹೇಳಿದಳು.

"ಒಂದು ಫೋಟೋ ಇದ್ದಿದ್ರೆ ಚೆನ್ನಾಗಿತ್ತು ಕಣೋ. ಫೋನ್ ಬೇಡ ಅಂದವಳೂ ನಾನೇ. ಆದ್ರೂ ಆ ಘಳಿಗೆದು ಒಂದು ಇರಬೇಕಿತ್ತು. ಅಪ್ಪನ ಫೋಟೋ ಪಕ್ಕ ಇಡ್ತಿದ್ದೆ."

ನನ್ನ ಫೋನಿನಲ್ಲಿ ಅದು ಇತ್ತು. ತಾಮ್ರದ ಗರಿ, ಬಿಸಿಲು, ಮಂಡಿಯೂರಿದ ಅಕ್ಕ, ಆ ನಗು. ಅವಳ ಮದುವೆಯ ಫೋಟೋದಲ್ಲೂ ಅವಳು ಹಾಗೆ ನಕ್ಕಿಲ್ಲ. ಅಷ್ಟು ದಿನ ಹಾಸಿಗೆಯಲ್ಲಿ ಒಬ್ಬನೇ ನೋಡಿ ಮುಚ್ಚಿಡುತ್ತಿದ್ದೆ. ಜಗತ್ತಿನಲ್ಲೇ ಚೆಂದದ ಫೋಟೋ, ಯಾರಿಗೂ ತೋರಿಸುವಂತಿಲ್ಲ. ನನ್ನ ಕೈ ನನ್ನ ಅಪ್ಪಣೆ ಕೇಳದೆ ಜೇಬಿಗೆ ಹೋಯಿತು.

ಅಕ್ಕ ಬಹಳ ಹೊತ್ತು ನೋಡಿದಳು.

"ನಾನು ಇಷ್ಟು ಚೆನ್ನಾಗಿ ನಗ್ತೀನೇನೋ" ಎಂದಳು. ಆಮೇಲೆ, "ಇದನ್ನ ಯಾರು ತೆಗೆದಿದ್ದು?"

"ಮರ" ಎಂದೆ.

"ಮರ?"

"ಸೀಡರ್ ಮರ."

ಬಾಕಿಯೆಲ್ಲ ಹೇಳಿದೆ. ಪೆಟ್ರೋಲ್ ಬಂಕಿನಲ್ಲಿ ನಿಂತುಕೊಂಡೇ, ಈರುಳ್ಳಿ, ಟಿಂಗ್, ಹಸುವಿನ ನಾಲಿಗೆ, ತೊಡೆಯ ಗುಂಯ್ ಎಲ್ಲ. ನಿನ್ನ ಹರಕೆ ತೀರಲಿ ಎಂದು ಮಾಡಿದೆ ಅಕ್ಕ ಎಂದೆ. ಅವಳು ಕಾರು ಹತ್ತಿದಳು. ಡಲ್ಲಾಸ್‌ನ ಎತ್ತರದ ಕಟ್ಟಡಗಳು ಬಂದುಹೋದವು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೆಕಿನ್ನಿಗೆ ತಿರುಗುವಾಗ ಅವಳು ರಸ್ತೆ ನೋಡಿಕೊಂಡೇ ಕೇಳಿದಳು.

"ಅಪ್ಪ ಸಾರಿಗೆ ಸೋಡಾ ಹಾಕ್ತಿದ್ರೇನೋ?"

"ಇಲ್ಲ."

"ನೀನು ಹಾಕಿದೆ. ನಂಗೆ ಅಪ್ಪನ ರುಚಿ ಅಂತ ತಿನ್ನಿಸ್ದೆ."

ಅಷ್ಟೇ. ನನಗೆ ಮೋರಿಯ ಪಕ್ಕ ನಿಂತು ಅತ್ತದ್ದು ನೆನಪಾಯಿತು.

ಮಕ್ಕಳು ಕಾರ್ಪೆಟ್ಟಿನ ಮೇಲೆ ಸಾಲಾಗಿ ಕೂತಿದ್ದರು. ಅಕ್ಕ ಎದ್ದು ನಿಂತು, ನಾನು ಎರಡು ವರ್ಷದಿಂದ ಟರ್ಕಿ ಬೇಟೆಗೆ ಹೋಗುತ್ತಿದ್ದೇನೆ, ನ್ಯಾಯವಾಗಿ ಇನ್ನೂ ಒಂದೂ ಸಿಕ್ಕಿಲ್ಲ, ಯಾಕೆಂದು ನನ್ನ ತಮ್ಮ ಹೇಳುತ್ತಾನೆ ಎಂದು ಕೂತುಬಿಟ್ಟಳು. ಎಂಟನೇ ಕ್ಲಾಸಿನ ಮೇಲೆ ನಾನು ಯಾರ ಮುಂದೆಯೂ ನಿಂತು ಪಾಠ ಒಪ್ಪಿಸಿರಲಿಲ್ಲ. ಹೇಳಿದೆ. ಪೊಲೀಸರ ಮುಂದೆ ಹೇಳುವುದು ಸುಲಭ. ಮಕ್ಕಳು ಮಧ್ಯೆ ಮಧ್ಯೆ ಕೈಯೆತ್ತುತ್ತಾರೆ. ಆ ಹುಂಜ ದಿನಾ ಅದೇ ಹೊತ್ತಿಗೆ ಬರುತ್ತದೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅದಕ್ಕೆ ಗೊತ್ತಿರಲಿಲ್ಲ ಎಂದೆ. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು, ಎಲ್ಲ ಕನ್ನಡದಲ್ಲೇ ಕೇಳಿಸಿಕೊಂಡವಳು, "ಬಟ್ ಅಂಕಲ್, ಹೌ ಡಿಡ್ ಇಟ್ ಟೇಸ್ಟ್?" ಎಂದಳು.

ನಾನು ಅಕ್ಕನ ಕಡೆ ನೋಡಿದೆ. ಆ ಒಂದು ಪ್ರಶ್ನೆಗೆ ನನ್ನ ಹತ್ತಿರ ತಯಾರಿದ್ದ ಉತ್ತರ, ನನ್ನ ಜೀವಮಾನದ ಸಾರು ಎಂಬುದು, ನಾಲಿಗೆಯ ತುದಿಗೆ ಬಂದಿತ್ತು. ಅದು ಬಂದ ವೇಗ ನೋಡಿ ನನಗೇ ಹೊಳೆಯಿತು. ಅಕ್ಕನ ಹರಕೆಗಾಗಿ ಅಲ್ಲ ನಾನು ಮರಕ್ಕೆ ಕ್ಯಾಮೆರಾ ಕಟ್ಟಿದ್ದು. ಎರಡು ವರ್ಷ ನನ್ನ ಅಡುಗೆಯನ್ನು ಹೊಗಳುವವರಿಲ್ಲದೆ ಒಣಗಿಹೋಗಿದ್ದೆ. ಒಂದು ಹೊಗಳಿಕೆಗಾಗಿ ಆ ಹಕ್ಕಿ ಹೋಯಿತು. ಇದನ್ನೂ ಹೇಳಿದೆ. ಅಕ್ಕ ಆಗ ಮೊದಲ ಸಲ ನನ್ನ ಮುಖ ನೋಡಿದಳು.

ವಾಪಸು ಬರುವ ದಾರಿಯಲ್ಲಿ ತೀರ್ಪು ಆಯಿತು. ಅವಳ ಹರಕೆ ಮೊದಲಿನಿಂದ ಶುರು. ಈ ಸಲ ನನ್ನದೂ ಕೂಡ. ಮುಂದಿನ ವಸಂತಕ್ಕೆ ನಾನು ತರಬೇತಿ, ಲೈಸೆನ್ಸು ಮುಗಿಸಿ, ಪೆಟ್ಟಿಗೆ ಎಳೆಯಲು ಕಲಿತು, ನ್ಯಾಯವಾಗಿ ಒಂದು ಹಕ್ಕಿ ತರುವವರೆಗೆ ಮಾಂಸ ಮುಟ್ಟುವಂತಿಲ್ಲ. ಫೋಟೋ ಮಾತ್ರ ಅವಳು ತನಗೆ ಕಳಿಸಿಕೊಂಡಳು. ಅಪ್ಪನ ಪಕ್ಕ ಇಟ್ಟಿಲ್ಲ, ಹೊರಗೂ ಎಸೆದಿಲ್ಲ. ಡ್ರಾಯರಿನಲ್ಲಿದೆಯಂತೆ, ಆಗಾಗ ತೆಗೆದು ನೋಡುತ್ತಾಳೆಂದು ಭಾವ ಹೇಳಿದರು.

ಹಾಗಾಗಿ ಮಿಲಿಟರಿ ಹೋಟೆಲಿನ ಮಗ ಈಗ ಮೊಸರನ್ನ ತಿನ್ನುತ್ತಿದ್ದಾನೆ. ಹೋಟೆಲಿನಲ್ಲಿ ಮಟನ್ನಿಗೆ ಉಪ್ಪು ಸರಿಯಿದೆಯಾ ಎಂದು ಪಾತ್ರೆ ತೊಳೆಯುವವನಿಗೆ ರುಚಿ ನೋಡಿಸಿ, ಅವನ ಹುಬ್ಬು ನೋಡಿ ತಿಳಿದುಕೊಳ್ಳುತ್ತೇನೆ. ಭಾನುವಾರ ಲಿಯಾಂಡರ್‌ನಲ್ಲಿ ನಾವು ಮೂವರೂ ಮೇಜಿನ ಒಂದೇ ತುದಿಯಲ್ಲಿ ಕೂರುತ್ತೇವೆ. ಬಸಣ್ಣ ಭಾವ ರೊಟ್ಟಿ ಬಡಿಸುತ್ತ, "ಒಂದು ಹಕ್ಕಿ ಎಷ್ಟು ಮಂದೀನ ನಮ್ಮ ಕಡೆ ತಂತು ನೋಡ್ರಿ" ಎನ್ನುತ್ತಾರೆ. ಅಕ್ಕ ನಗುತ್ತಾಳೆ. ಫೋಟೋದಲ್ಲಿದ್ದ ಹಾಗಲ್ಲ, ಆದರೂ ನಗುತ್ತಾಳೆ.

ಕ್ಯಾಮೆರಾ ಬಿಚ್ಚಲು ಹೋಗಿದ್ದೆ, ನಿಜವಾಗಿಯೂ. ಕಾಡುಹಂದಿಗಳ ಮೇಲೆ ಕಣ್ಣಿಡಲು ಬೇಕು, ಅಲ್ಲೇ ಇರಲಿ ಎಂದು ಡೇಲ್ ಕೇಳಿಕೊಂಡ. ಮುದುಕನಿಗೆ ಇಲ್ಲ ಎನ್ನಲಾಗಲಿಲ್ಲ. ಫೋಟೋಗಳು ಅವನಿಗೆ ಹೋಗುವ ಹಾಗೆ ಬದಲಾಯಿಸಬೇಕು, ಆ ವಿದ್ಯೆ ನನಗಿನ್ನೂ ಹತ್ತಿಲ್ಲ. ನೀವು ಬಲ್ಲಿರಿ, ನನ್ನದು ಎಂಟನೇ ಕ್ಲಾಸು. ಆದ್ದರಿಂದ ಅವು ಇನ್ನೂ ನನ್ನ ಫೋನಿಗೇ ಬರುತ್ತಿವೆ. ಒಂದನ್ನೂ ತೆರೆದು ನೋಡಿಲ್ಲ, ಅಪ್ಪನಾಣೆಗೂ ಇಲ್ಲ. ಯಾವ ಹೊತ್ತಿಗೆ ಬಂತು ಎಂಬುದು ಮಾತ್ರ, ಮುಚ್ಚಿದ ಪರದೆಯ ಮೇಲೆ ತಾನಾಗಿ ಕಾಣುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆ ನಾನೇನು ಮಾಡಲಿ? ಇತ್ತೀಚೆಗೆ ದಿನಾ ಬೆಳಿಗ್ಗೆ ಒಂದು ಹತ್ತೂಕಾಲಿನ ಸುಮಾರಿಗೆ ಬರುತ್ತಿದೆ.